ಉಗುರು

ಸೆಪ್ಟೆಂಬರಿನ ಎರಡನೇ ಶನಿವಾರ ವಾದ್ಯ ಕಡ ಕೊಡುವ ದಿನ.
ಎನಾರೆಸ್ ಹೊಳೆಯಂಚಿನ ಈ ಊರಿನ
ಪುರಸಭೆಯ ಸಂಗೀತಶಾಲೆಗೆ ನಾನು ಉಗ್ರಾಣಿ.
ಹೆಸರು ಕಾಸಿಲ್ಡಾ. ಬೀಗದ ಗೊಂಚಲು ಸೊಂಟದಲ್ಲಿ,
ರಿಜಿಸ್ಟರು ಮೇಜಿನ ಮೇಲೆ,
ಪೆನ್ನಿಗೆ ದಾರ ಕಟ್ಟಿದ್ದೇನೆ, ಇಲ್ಲದಿದ್ದರೆ ಅದಕ್ಕೂ ಕಾಲು ಬರುತ್ತದೆ.

ಹದಿನೆಂಟು ವರ್ಷದ ಸಾಲುಗಳನ್ನು ಓದಿ ನೋಡಿ:
ಕೊಳಲಿನ ಪಕ್ಕದಲ್ಲೆಲ್ಲ ಹುಡುಗಿಯರು,
ಡ್ರಮ್ಮಿನ ಪಕ್ಕದಲ್ಲೆಲ್ಲ ಹುಡುಗರು.
ಯಾರೂ ಕಾನೂನು ಮಾಡಿದ್ದಲ್ಲ.
ಅಮ್ಮನ ಹುಬ್ಬು ಸಾಕು, ಅಪ್ಪನ ಕೆಮ್ಮು ಸಾಕು.
"ಟ್ಯೂಬಾನಾ? ಕೆನ್ನೆ ಊದಿ ಕುಂಬಳಕಾಯಿ ಆಗುತ್ತೆ ಕಣೇ."
ಇದು ಹೋದ ವರ್ಷದ ಮಾತು. ನೆರೇಯಾ ಕೊಳಲು ಒಯ್ದಳು,
ಡಿಸೆಂಬರಿಗೆ ತಂದುಕೊಟ್ಟಳು,
ಪೆಟ್ಟಿಗೆ ತೆರೆದ ಗುರುತೇ ಇರಲಿಲ್ಲ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆಂದು
ನಾನು ಸುಮ್ಮನಿದ್ದೆ, ಹದಿನೆಂಟು ವರ್ಷ.
ಉಗುರಲ್ಲಿ ಹೋಗಲಿಲ್ಲ ಅದು.

ವಿಚಿತ್ರವೆಂದರೆ ನಮ್ಮ ಭಾಷೆಯಲ್ಲಿ ಟ್ಯೂಬಾ ಹೆಣ್ಣು,
ತುತ್ತೂರಿ ಹೆಣ್ಣು, ಪಿಟೀಲು ಗಂಡು.
ಹಾರ್ಪಿನದು ಮಾತ್ರ ಬೇರೆ ಕತೆ:
ಹುಟ್ಟಿನಿಂದ ಹೆಣ್ಣೇ, ಆದರೆ ಒಂಟಿಯಾಗಿ ಹೊರಟಾಗ
ಗಂಡಿನ ಟೋಪಿ ಹಾಕಿಕೊಳ್ಳುತ್ತದೆ.
ನಾಲ್ಕು ಹಾರ್ಪು ಜೊತೆಯಾದರೆ ಟೋಪಿ ತೆಗೆಯುತ್ತದೆ.
ಬರೀ ಉಚ್ಚಾರಣೆಯ ಅನುಕೂಲ, ಅನ್ನುತ್ತಿದ್ದರು ವ್ಯಾಕರಣದ ಮೇಷ್ಟರು.
ರಾತ್ರಿ ಒಬ್ಬಳೇ ಮನೆಗೆ ನಡೆದು ಅವರಿಗೇನು ಗೊತ್ತು.

ಈ ಸಲ ಸಾಲಿನಲ್ಲಿ ಡೆರ್ಲಿಸ್. ಒಂಬತ್ತು ವರ್ಷ.
ಪರಾಗ್ವೆಯಿಂದ ಬಂದು ಎರಡು ಚಳಿಗಾಲ.
ಅಮ್ಮ ಯಾರದೋ ಮನೆಯ ಮುದುಕರ ಆರೈಕೆಯಲ್ಲಿ,
ಜೊತೆಗೆ ಬಂದವಳು ಅಜ್ಜಿ, ನ್ಯಾ ಎಮೆರೆನ್ಸಿಯಾನಾ,
ತನ್ನ ಹೆಸರಿಗಿಂತ ಗಿಡ್ಡ.

"ಹಾರ್ಪು," ಅಂದ.
ಹಿಂದಿನ ಡ್ರಮ್ಮಿನ ಹುಡುಗರು ಕಿಸಕ್ಕೆಂದರು. ಒಬ್ಬನಂತೂ
ಇಲ್ಲದ ಲಂಗದ ಅಂಚು ಹಿಡಿದು ಒಂದು ಸುತ್ತು ತಿರುಗಿದ.
ಡೆರ್ಲಿಸ್ ಹಿಂತಿರುಗಿ ನೋಡಿದ, ಅವನಿಗೇನೂ ಹೊಳೆಯಲಿಲ್ಲ.
ಅವಮಾನಕ್ಕೂ ಮೊದಲು ಪಾಠ ಆಗಿರಬೇಕಲ್ಲ.
ಅವನ ಅಜ್ಜ, ಅವನ ಮಾವಂದಿರು, ಅವರೂರಿನ ಕಟುಕ,
ಮೀಸೆ ಹೊತ್ತವರೆಲ್ಲ ಹಾರ್ಪು ಹೊತ್ತವರೇ,
ಮದುವೆಯಿಂದ ಮದುವೆಗೆ, ಹೆಗಲ ಮೇಲೆ,
ಉಗುರು ಬೆಳೆಸಿ, ಉಗುರಿನ ನೆಪದಲ್ಲಿ
ಒಂದು ತಟ್ಟೆಯನ್ನೂ ತೊಳೆಯದೆ.

"ತೊಳೆದದ್ದು ನಾನು," ಅಂದಳು ಅಜ್ಜಿ,
ನನ್ನ ಮೇಜಿನ ಅಂಚಿಗೆ ಹೇಳಿದ ಹಾಗೆ.
ಹೆಂಗಸು ಮುಟ್ಟಿದರೆ ಶ್ರುತಿ ಕೆಡುತ್ತದೆಂದು ಗಂಡನ ಮಾತು.
ಧೂಳು ಒರೆಸಬಹುದಿತ್ತು.
ಹಾಗಾಗಿ ಆ ಮನೆಯಲ್ಲಿ ದಿನಕ್ಕೆ ಎರಡು ಸಲ ಧೂಳಾಗುತ್ತಿತ್ತು.

ನಾನು ಬೀಗ ತೆಗೆದೆ.
ನಮ್ಮಲ್ಲಿರುವುದು ಸಣ್ಣದು, ಮೂಲೆಯಲ್ಲಿ ಕಂಬಳಿ ಹೊದ್ದದ್ದು.
ಅವಳು ಹತ್ತಿರ ಬಂದಳು, ತುಟಿ ಅಲ್ಲಾಡಿತು.
"ಎರಡು ಕಡಿಮೆ. ಮೂವತ್ತಾರು ಇರಬೇಕು."
ಆಮೇಲೆ ತಲೆವಸ್ತ್ರ ಬಿಚ್ಚಿದಳು,
ದಪ್ಪ ತಂತಿಯಿಂದ ಸಣ್ಣದಕ್ಕೆ ಒರೆಸುತ್ತ ಹೋದಳು,
ಸಣ್ಣದರಿಂದ ದಪ್ಪಕ್ಕೆ ಒರೆಸುತ್ತ ಬಂದಳು,
ನಡುವೆ ಎಲ್ಲೋ ಬಟ್ಟೆ ಮಡಿಲಿಗೆ ಬಿತ್ತು,
ಕೈ ಮಾತ್ರ ಒರೆಸುತ್ತಲೇ ಇತ್ತು.

ಹುಡುಗರು ಸುಮ್ಮನಾಗಲಿಲ್ಲ. ಡ್ರಮ್ಮು ಸಿಕ್ಕಿತ್ತು ಅವರಿಗೆ, ಬಡಿಯುತ್ತಿದ್ದರು.
ಆ ಗದ್ದಲದಲ್ಲಿ ನನಗೆ ಅರ್ಧ ಕೇಳಿಸಿತು, ಅರ್ಧ ಕಾಣಿಸಿತು.
ಅವಳು ಮೊಮ್ಮಗನ ಬೆರಳು ತಿರುಗಿಸಿ ನೋಡಿ, ಕಚ್ಚಬೇಡ, ಬೆಳೆಸು, ಅಂದಳು.
ಇಲ್ಲಿಯ ಟೀಚರು ಕತ್ತರಿಸು ಅನ್ನುತ್ತಾರೆ.
ನಾನು ಹೇಳಲಿಲ್ಲ.

ಪಡೆದವರು: ಡೆರ್ಲಿಸ್. ಪೋಷಕರ ಸಹಿ:
ಅವಳು ಪೆನ್ನನ್ನು ದಾರದ ಸಮೇತ ಎಳೆದುಕೊಂಡಳು.
ಷರಾ ಕಲಮಿನಲ್ಲಿ ನಾನೇ ಬರೆದೆ:
ಒರೆಸುವ ಬಟ್ಟೆ, ಒಂದು.

ಸಂಜೆ ಎಣಿಸಿದಾಗ ಉಳಿದದ್ದು ಟ್ಯೂಬಾ.
ಗೋಡೆಗೊರಗಿ, ಬಾಯಿ ಮೇಲೆ ಮಾಡಿ.
ನೆರೇಯಾಳ ಮನೆಯ ನಂಬರು ಹಳೆಯ ಪುಟದಲ್ಲಿದೆ.
ಪುಟ ತಿರುಗಿಸುತ್ತಿದ್ದೇನೆ.